ಎದ್ದು ನಿಂತವರ ಭೂಮಿ

1914ರ ಸೆಪ್ಟೆಂಬರ್ 30. ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು. ನ್ಯೂಯಾರ್ಕ್ ರಾಜ್ಯದ ಸ್ಯಾರಟೋಗ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ ‘ಬೈಬಲ್ ವಿದ್ಯಾರ್ಥಿಗಳು’ ಎಂದು ಕರೆದುಕೊಳ್ಳುತ್ತಿದ್ದ ಒಂದು ಪಂಗಡದ ಸಮಾವೇಶ ನಡೆದಿತ್ತು. ಅಂದು ಮಾತಾಡಲು ಎದ್ದ ಎ. ಎಚ್. ಮ್ಯಾಕ್ಮಿಲನ್, ಬಹುಶಃ ಇದೇ ನನ್ನ ಕೊನೆಯ ಬಹಿರಂಗ ಭಾಷಣ, ಇಷ್ಟರಲ್ಲೇ ನಾವೆಲ್ಲ ಮನೆ ಸೇರುತ್ತೇವೆ ಎಂದರು. ಅವರ ಮಾತಿನಲ್ಲಿ ಮನೆಯೆಂದರೆ ಸ್ವರ್ಗ. ಕೇಳುತ್ತಿದ್ದವರಲ್ಲಿ ಅನೇಕರು ಆ ಮಾತನ್ನು ಅಕ್ಷರಶಃ ನಂಬಿದ್ದರು. ಆ ವರ್ಷ ಮುಗಿಯುವ ಮೊದಲೇ ತಾವು ಮೇಲೆ ಹೋಗಿ ಕ್ರಿಸ್ತನ ಜೊತೆ ಆಳುತ್ತೇವೆ ಎಂಬುದು ಅವರ ಎಣಿಕೆ.

ಎರಡು ದಿನ ಕಳೆದು, ಅಕ್ಟೋಬರ್ 2ರ ಬೆಳಗ್ಗೆ, ಬ್ರೂಕ್ಲಿನ್‌ನ ಮುಖ್ಯ ಕಚೇರಿಯವರು ತಿಂಡಿಗೆ ಕೂತಿದ್ದರು. ಅವರ ಮುಂದಾಳು ಚಾರ್ಲ್ಸ್ ಟೇಜ್ ರಸೆಲ್ ಒಳಗೆ ಬಂದವರೇ ಚಪ್ಪಾಳೆ ತಟ್ಟಿ, ಅನ್ಯಜನಾಂಗಗಳ ಕಾಲ ಮುಗಿಯಿತು, ಅವರ ರಾಜರ ದಿನಗಳು ಕಳೆದವು ಎಂದು ಸಾರಿದರು. ಆದರೆ ಯಾರೂ ಮೇಲೆ ಹೋಗಲಿಲ್ಲ. ಅದೇ ಭಾನುವಾರದ ಭಾಷಣಕ್ಕೆ ಮ್ಯಾಕ್ಮಿಲನ್ ಅವರನ್ನೇ ಗೊತ್ತುಮಾಡಿದರು. ಕೊನೆಯ ಭಾಷಣ ಮುಗಿಸಿದ್ದ ಮನುಷ್ಯ ಇನ್ನೊಂದನ್ನು ಸಿದ್ಧಪಡಿಸಿಕೊಳ್ಳಬೇಕಾಯಿತು. ಈ ಸಂಗತಿಯನ್ನು ಅವರು 1957ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬಚ್ಚಿಡದೆ ಬರೆದಿದ್ದಾರೆ.

ಹೀಗೆ ಸ್ವರ್ಗದ ದಾರಿ ಕಾಯುತ್ತಿದ್ದ ಪಂಗಡವೇ ಇಪ್ಪತ್ತೊಂದು ವರ್ಷಗಳ ನಂತರ, ಒಂದೇ ಮಧ್ಯಾಹ್ನದಲ್ಲಿ, ತನ್ನ ಆಸೆಯನ್ನು ಭೂಮಿಯ ಕಡೆಗೆ ತಿರುಗಿಸಿತು. ಇಂದು ಯೆಹೋವನ ಸಾಕ್ಷಿಗಳೆಂದು ನಾವು ಕರೆಯುವವರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲವೆಂದೇ ನನ್ನ ಎಣಿಕೆ. ಅದನ್ನು ಮೇಲಿನಿಂದ ಹೇರಿದ ಸಿದ್ಧಾಂತವೆಂದು ಬರೆದವರು ಬಹಳ. ನನಗೆ ಕಾಣುವುದು ಬೇರೆ: ಆ ಜನರ ಮನಸ್ಸಿನಲ್ಲಿ ಮೊದಲೇ ಇದ್ದ, ಹೇಳಿಕೊಳ್ಳಲು ಅಂಜುತ್ತಿದ್ದ ಒಂದು ಹಂಬಲಕ್ಕೆ ಅಂದು ಅನುಮತಿ ಸಿಕ್ಕಿತು.

ಆ ಹಂಬಲವೇನೂ ಹೊಸದಲ್ಲ. ಕ್ರೈಸ್ತ ಧರ್ಮದ ಮೊದಲ ಶತಮಾನಗಳಲ್ಲಿ ಸತ್ಯವಂತರು ಸೇರುವ ನಾಡು ಆಕಾಶದಲ್ಲಿದೆ ಎಂಬಷ್ಟೇ ಗಟ್ಟಿಯಾಗಿ, ಈ ನೆಲವೇ ಹೊಸದಾಗುತ್ತದೆ ಎಂಬ ನಂಬಿಕೆಯೂ ಇತ್ತು. ಎರಡನೇ ಶತಮಾನದ ಪೇಪಿಯಸ್ ಎಂಬ ಬಿಷಪ್ ಬರಲಿರುವ ರಾಜ್ಯದಲ್ಲಿ ಒಂದೊಂದು ದ್ರಾಕ್ಷಿಬಳ್ಳಿಗೂ ಹತ್ತು ಸಾವಿರ ಕವಲು ಒಡೆಯುತ್ತವೆ ಎಂದು ಹೇಳಿದ್ದನ್ನು ಲಿಯೋನ್ ನಗರದ ಐರೆನಿಯಸ್ ದಾಖಲಿಸಿದ್ದಾನೆ. ಹುತಾತ್ಮನಾದ ಜಸ್ಟಿನ್‌ನೂ ಜೆರುಸಲೇಮಿನಲ್ಲಿ ಸಾವಿರ ವರ್ಷಗಳ ಆಳ್ವಿಕೆಯನ್ನು ನಿರೀಕ್ಷಿಸಿದ್ದ. ಅಗಸ್ಟೀನ್ ಕೂಡ ಮೊದಲು ಇದನ್ನು ನಂಬಿದ್ದವನೇ. ಆಮೇಲೆ ‘ದೇವನಗರ’ ಎಂಬ ಕೃತಿಯ ಇಪ್ಪತ್ತನೇ ಭಾಗದಲ್ಲಿ, ಆ ಸಾವಿರ ವರ್ಷವೆಂದರೆ ಸಭೆಯ ಈಗಿನ ಕಾಲವೇ ಎಂದು ಅರ್ಥೈಸಿ ಬಾಗಿಲು ಹಾಕಿದ. ಅಲ್ಲಿಂದ ಮುಂದೆ ದೊಡ್ಡ ಸಭೆಗಳ ಪಾಲಿಗೆ ಒಳ್ಳೆಯವರ ಗತಿಯೆಂದರೆ ಸ್ವರ್ಗವೆಂದಾಯಿತು. ಬೈಬಲಿನ ಕೊನೆಯ ಪುಸ್ತಕ ಹೇಳುವ ಹೊಸ ಭೂಮಿ ಹಿಂದಕ್ಕೆ ಸರಿಯಿತು.

ಹಿಂದಕ್ಕೆ ಸರಿದರೂ ಅಳಿಯಲಿಲ್ಲ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ ಅದು ಮತ್ತೆ ಚಿಗುರಿತು. ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಪಂಡಿತರು ಹದಿನೆಂಟನೇ ಶತಮಾನದಲ್ಲಿ ಬೈಬಲಿನ ಅಂಕಿಗಳನ್ನು ಕೂಡಿಸಿ ಕಳೆದು, 1836ರಲ್ಲಿ ಹೊಸ ಯುಗ ತೊಡಗುತ್ತದೆ ಎಂದು ಲೆಕ್ಕ ಹಾಕಿದ್ದರು. ಬಾಸೆಲ್ ಮಿಶನ್ ಬೇರೂರಿದ್ದು ಇದೇ ಸೀಮೆಯ ಭಕ್ತರ ನಡುವೆ. ಅದರ ಮೊದಲ ತಂಡ 1834ರಲ್ಲಿ ಮಂಗಳೂರಿಗೆ ಬಂತು. ಬೆಂಗೆಲ್ ಹೇಳಿದ್ದ 1836ರಲ್ಲೇ ಹರ್ಮನ್ ಮೋಗ್ಲಿಂಗ್ ಅಲ್ಲಿಗೆ ಬಂದಿಳಿದರು, ಅವರೂ ವುರ್ಟೆಂಬರ್ಗಿನವರೇ. ಬೆಂಗೆಲ್‌ರ ಲೆಕ್ಕಕ್ಕೂ ಮೋಗ್ಲಿಂಗರ ಪ್ರಯಾಣಕ್ಕೂ ನಾನು ಗಂಟು ಹಾಕುತ್ತಿಲ್ಲ. ಆದರೆ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟ ಮನುಷ್ಯ ಬೆಳೆದ ಪರಿಸರದಲ್ಲಿ, ದೇವರ ರಾಜ್ಯ ಈ ನೆಲಕ್ಕೆ ಬರುತ್ತದೆಂಬ ನಿರೀಕ್ಷೆ ಮನೆಮನೆಯ ಮಾತಾಗಿತ್ತು.

ಅಮೆರಿಕದಲ್ಲಿ ಇದೇ ನಿರೀಕ್ಷೆ ಸಿಡಿದದ್ದು ವಿಲಿಯಂ ಮಿಲ್ಲರ್ ಎಂಬ ರೈತನಿಂದ. ಕ್ರಿಸ್ತನು 1844ರ ಅಕ್ಟೋಬರ್ 22ರಂದು ಬರುತ್ತಾನೆಂದು ಅವನ ಅನುಯಾಯಿಗಳು ಕಾದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಮರುದಿನದ ಬೆಳಗನ್ನು ಚರಿತ್ರೆ ‘ಮಹಾ ನಿರಾಶೆ’ ಎಂದು ಕರೆಯುತ್ತದೆ. ಮಿಲ್ಲರನ ಜನ ಚದುರಿದರು; ಅವರ ಬೈಬಲ್ ಓದುವ ಬಗೆ ಮಾತ್ರ ಉಳಿಯಿತು. ಪಿಟ್ಸ್‌ಬರ್ಗ್ ಬಳಿಯ ಅಲೆಘೇನಿಯಲ್ಲಿ ತಂದೆಯ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗ ರಸೆಲ್‌ನನ್ನು ಮುಟ್ಟಿದ್ದೂ ಅದೇ ಪರಂಪರೆ. ನರಕದ ಬೆಂಕಿಯ ಬೋಧನೆಯಿಂದ ಬೇಸತ್ತು ನಂಬಿಕೆಯನ್ನೇ ಕಳೆದುಕೊಂಡಿದ್ದ ಆತ 1869ರ ಒಂದು ಸಂಜೆ ಧೂಳು ಹಿಡಿದ ಒಂದು ಸಭಾಂಗಣಕ್ಕೆ ಹೊಕ್ಕು ಜೋನಾಸ್ ವೆಂಡೆಲ್ ಎಂಬ ಬೋಧಕನ ಮಾತು ಕೇಳಿದ. 1879ರ ಜುಲೈನಲ್ಲಿ ತನ್ನದೇ ಪತ್ರಿಕೆ ತೆಗೆದ. ಅದರ ಇಂದಿನ ಕನ್ನಡ ರೂಪವೇ ಮನೆಬಾಗಿಲಿಗೆ ಬರುವ ‘ಕಾವಲಿನಬುರುಜು’.

ರಸೆಲ್‌ರ ನಕ್ಷೆಯಲ್ಲಿ ಭೂಮಿಗೂ ಜಾಗವಿತ್ತು. ಪ್ರಕಟನೆ ಗ್ರಂಥದ ಏಳನೇ ಮತ್ತು ಹದಿನಾಲ್ಕನೇ ಅಧ್ಯಾಯಗಳು 1,44,000 ಮಂದಿಯ ಬಗ್ಗೆ ಹೇಳುತ್ತವೆ. ಹನ್ನೆರಡು ಕುಲ, ಕುಲಕ್ಕೆ ಹನ್ನೆರಡು ಸಾವಿರ. ಬಹುತೇಕ ಸಭೆಗಳು ಇದನ್ನು ಪೂರ್ಣತೆಯ ಸಂಕೇತವಾಗಿ ಓದುತ್ತವೆ. ರಸೆಲ್ ಅದನ್ನು ನಿಜವಾದ ಸಂಖ್ಯೆಯೆಂದೇ ಹಿಡಿದರು. ಅಷ್ಟು ಮಂದಿಯ ‘ಚಿಕ್ಕ ಹಿಂಡು’ ಕ್ರಿಸ್ತನೊಡನೆ ಆಳುತ್ತದೆ. ಅದೇ ಏಳನೇ ಅಧ್ಯಾಯದಲ್ಲಿ ಬಿಳಿ ನಿಲುವಂಗಿ ತೊಟ್ಟು ಖರ್ಜೂರದ ಗರಿ ಹಿಡಿದು ಸಿಂಹಾಸನದ ಮುಂದೆ ನಿಲ್ಲುವ, ಯಾರೂ ಎಣಿಸಲಾಗದ ಮಹಾಸಮೂಹವೊಂದಿದೆ. ಅವರೂ ಸ್ವರ್ಗಕ್ಕೇ ಹೋಗುವವರು, ಆದರೆ ನಂಬಿಕೆಯಲ್ಲಿ ತುಸು ಸಡಿಲವಾದ್ದರಿಂದ ಅಲ್ಲಿ ಎರಡನೇ ಸಾಲಿನವರು ಎಂದು ರಸೆಲ್ ತಿಳಿದರು. ಇನ್ನುಳಿದ ಕೋಟ್ಯಂತರ ಮನುಷ್ಯರು, ಸತ್ತವರೂ ಸೇರಿ, ಸಾವಿರ ವರ್ಷಗಳ ಆಳ್ವಿಕೆಯಲ್ಲಿ ಎದ್ದು ಬಂದು ಈ ಭೂಮಿಯಲ್ಲೇ ಬದುಕುತ್ತಾರೆ. ನರಕವಿಲ್ಲ. ಇದು ನಿಜಕ್ಕೂ ಉದಾರವಾದ ನಕ್ಷೆ. ಒಂದು ತೊಡಕೆಂದರೆ, ಆ ಭೂಮಿ ಯಾವಾಗಲೂ ಬೇರೆಯವರಿಗೆ. ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ತಾನು ಸ್ವರ್ಗಕ್ಕೆ ಕರೆಯಲ್ಪಟ್ಟವನೆಂದೇ ಭಾವಿಸಬೇಕಿತ್ತು. ಭೂಮಿಯನ್ನು ಬಯಸುವುದು ಹೊರಗಿನವರ ಪಾಲು.

1912ರ ಪ್ರಪಂಚ ಪ್ರವಾಸದಲ್ಲಿ ರಸೆಲ್ ತಿರುವಾಂಕೂರಿಗೂ ಬಂದು ತಿರುವನಂತಪುರದ ವಿಕ್ಟೋರಿಯಾ ಜುಬಿಲಿ ಟೌನ್‌ಹಾಲಿನಲ್ಲಿ ಮಾತಾಡಿದರು. ಕೇರಳದ ರಸೆಲ್‌ಪುರಂ ಎಂಬ ಊರಿನ ಹೆಸರಿನಲ್ಲಿ ಆ ಭೇಟಿಯ ನೆನಪು ಉಳಿದಿದೆ. ನಾಲ್ಕು ವರ್ಷಗಳ ನಂತರ, 1916ರ ಅಕ್ಟೋಬರ್ 31ರಂದು, ಟೆಕ್ಸಾಸಿನ ಪಾಂಪಾ ಬಳಿ ರೈಲಿನಲ್ಲೇ ಅವರು ಕಣ್ಣುಮುಚ್ಚಿದರು.

ಅವರ ಜಾಗಕ್ಕೆ ಬಂದ ಜೋಸೆಫ್ ರದರ್‌ಫರ್ಡ್ ಬೇರೆಯೇ ಧಾತುವಿನ ಮನುಷ್ಯ. ಮಿಸೌರಿಯ ರೈತನ ಮಗ, ವಕೀಲ, ಎತ್ತರದ ಆಳು, ಗುಡುಗುವ ದನಿ. 1918ರಲ್ಲಿ ಯುದ್ಧವಿರೋಧಿ ಬರಹಕ್ಕಾಗಿ ಇಪ್ಪತ್ತು ವರ್ಷಗಳ ಶಿಕ್ಷೆಯಾಗಿ ಅಟ್ಲಾಂಟಾ ಜೈಲು ಸೇರಿ, ಮರುವರ್ಷ ಹೊರಬಂದರು. ಅದೇ 1918ರಿಂದ ಅವರು ಊರೂರಿನಲ್ಲಿ ಮಾಡಿದ ಭಾಷಣದ ಸಾರ, ಈಗ ಬದುಕಿರುವ ಲಕ್ಷಾಂತರ ಜನ ಸಾಯುವುದೇ ಇಲ್ಲ ಎಂಬುದು. 1920ರ ಕಿರುಪುಸ್ತಕದಲ್ಲಿ ದಿನಾಂಕವೂ ಬಂತು: 1925ರಲ್ಲಿ ಅಬ್ರಹಾಮ, ಇಸಾಕ, ಯಾಕೋಬರು ಸಮಾಧಿಯಿಂದೆದ್ದು ಭೂಮಿಗೆ ಬರುತ್ತಾರೆ.

1925 ಬಂತು, ಹೋಯಿತು. ಪಂಗಡದ ಸಂಸ್ಥೆಯೇ ಪ್ರಕಟಿಸಿದ ಅಂಕಿಗಳಂತೆ ಆ ವರ್ಷ ಕ್ರಿಸ್ತನ ಮರಣದ ಸ್ಮರಣೆಗೆ 90,000ಕ್ಕೂ ಹೆಚ್ಚು ಜನ ಬಂದಿದ್ದರೆ, 1928ರಲ್ಲಿ ಆ ಸಂಖ್ಯೆ 17,000ದ ಆಸುಪಾಸಿಗೆ ಕುಸಿದಿತ್ತು. ಆದರೂ ಮೂಲಪಿತೃಗಳ ದಾರಿ ಕಾಯುವುದು ನಿಲ್ಲಲಿಲ್ಲ. 1929ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ‘ಬೆತ್ ಸಾರೀಮ್’, ಅಂದರೆ ಅಧಿಪತಿಗಳ ಮನೆ, ಎಂಬ ಹತ್ತು ಮಲಗುವ ಕೋಣೆಗಳ ಬಂಗಲೆ ಎದ್ದಿತು. ಸುತ್ತ ಆಲಿವ್ ಮರ, ತಾಳೆ ಮರ. ಅದರ ಆಸ್ತಿಪತ್ರದಲ್ಲಿ ದಾವೀದ, ಗಿದ್ಯೋನ, ಸಂಸೋನ, ಸಮುವೇಲರ ಹೆಸರುಗಳಿವೆ. ಅವರು ಎದ್ದು ಬಂದಾಗ ಮನೆ ಅವರಿಗೆ ಸೇರಬೇಕು, ಅಲ್ಲಿಯತನಕ ರದರ್‌ಫರ್ಡ್ ಅದರಲ್ಲಿ ಇರಬಹುದು. ಶ್ವಾಸಕೋಶದ ಕಾಯಿಲೆಯಿದ್ದ ಅವರು ಚಳಿಗಾಲಗಳನ್ನು ಅಲ್ಲಿಯೇ ಕಳೆದರು. ಪತ್ರಿಕೆಗಳು ಆ ಮನೆಯನ್ನು ಗೇಲಿ ಮಾಡಿದವು. ನನಗೆ ಆ ಆಸ್ತಿಪತ್ರ ಓದಿದಾಗ ನಗು ಬರುವುದಿಲ್ಲ. ಪುನರುತ್ಥಾನವನ್ನು ಉಪನೋಂದಣಿ ಕಚೇರಿಯ ಕಾಗದಕ್ಕೆ ಇಳಿಸುವಷ್ಟು ಗಟ್ಟಿಯಾಗಿ ನಂಬಿದವರು ಚರಿತ್ರೆಯಲ್ಲಿ ಕಡಿಮೆ. ಆ ನಂಬಿಕೆ ಒಂದು ಸೂಚನೆಯೂ ಹೌದು: ಅವರ ಕಣ್ಣು ಆಗಲೇ ಆಕಾಶದಿಂದ ಇಳಿದು ನೆಲದ ಮೇಲೆ ನೆಟ್ಟಿತ್ತು.

ಈ ನಡುವೆ ಬಾಗಿಲು ಬಾಗಿಲಿಗೆ ಹೋಗಿ ಸಾರಿದ್ದರ ಫಲವಾಗಿ ಹೊಸಬರು ಬರತೊಡಗಿದರು. ಬಂದವರಲ್ಲಿ ಹಲವರು ಒಂದು ವಿಚಿತ್ರವಾದ ಮಾತು ಹೇಳುತ್ತಿದ್ದರು: ಕಲಿಸಿದ್ದೆಲ್ಲ ಸರಿ, ಆದರೆ ಸ್ವರ್ಗಕ್ಕೆ ಹೋಗಬೇಕೆಂದು ನಮಗೆ ಅನ್ನಿಸುವುದಿಲ್ಲ. 1931ರಲ್ಲಿ ಒಹಾಯೋದ ಕೊಲಂಬಸ್ ನಗರದಲ್ಲಿ ಪಂಗಡ ‘ಯೆಹೋವನ ಸಾಕ್ಷಿಗಳು’ ಎಂಬ ಹೆಸರು ಪಡೆಯಿತು. ಮರುವರ್ಷ ಈ ಹೊಸಬರಿಗೂ ಒಂದು ಹೆಸರು ಸಿಕ್ಕಿತು. ಇಸ್ರಾಯೇಲರ ರಾಜ ಯೇಹು ಬಾಳನ ಪೂಜಕರನ್ನು ಅಳಿಸಲು ಹೊರಟಾಗ, ಇಸ್ರಾಯೇಲನಲ್ಲದ ಯೆಹೋನಾದಾಬನೆಂಬವನು ದಾರಿಯಲ್ಲಿ ಸಿಕ್ಕಿ, ಯೇಹುವಿನ ರಥವನ್ನು ಹತ್ತಿ ಜೊತೆಗೂಡಿದ ಕಥೆ ಹಳೆಯ ಒಡಂಬಡಿಕೆಯಲ್ಲಿದೆ. ಸ್ವರ್ಗಕ್ಕೆ ಕರೆಯಲ್ಪಟ್ಟ ಅಭಿಷಿಕ್ತರ ರಥ ಹತ್ತಿದ ಹೊರಗಿನವರು, ಅಂದರೆ ಯೆಹೋನಾದಾಬರು, ಎಂದು ಇವರನ್ನು ಕರೆದರು. 1934ರಲ್ಲಿ ಇವರೂ ದೀಕ್ಷಾಸ್ನಾನ ಪಡೆಯಬೇಕೆಂದು ಹೇಳಲಾಯಿತು. ಆದರೂ ಪ್ರಕಟನೆಯ ಮಹಾಸಮೂಹ ಸ್ವರ್ಗದ ಎರಡನೇ ಸಾಲಿನಲ್ಲೇ ನಿಂತಿತ್ತು. ಈ ಜನರಿಗೆ ಗ್ರಂಥದಲ್ಲಿ ತಮ್ಮದೆನ್ನಬಹುದಾದ ಚಿತ್ರವಿರಲಿಲ್ಲ.

1935ರ ವಸಂತ ಅಮೆರಿಕದ ರೈತರಿಗೆ ಕೆಟ್ಟ ಕಾಲ. ಏಪ್ರಿಲ್ 14ರಂದು ದಕ್ಷಿಣದ ಬಯಲುಗಳ ಮೇಲೆ ನಡುಹಗಲೇ ಕತ್ತಲು ಕವಿಸಿದ ಧೂಳಿನ ಬಿರುಗಾಳಿ ಎದ್ದಿತು. ಆ ದಿನವನ್ನು ಕಪ್ಪು ಭಾನುವಾರವೆಂದು ನೆನೆಯುತ್ತಾರೆ. ಬ್ಯಾಂಕು ಮುಳುಗಿ, ನೆಲ ಹಾರಿಹೋಗಿ, ಮನೆ ಹರಾಜಾಗಿ ಸಂಸಾರಗಳು ಊರು ಬಿಡುತ್ತಿದ್ದವು. ಆ ಬೇಸಗೆಯ ಮೊದಲಿಗೆ ವಾಷಿಂಗ್ಟನ್ನಿನಲ್ಲಿ ಸಮಾವೇಶ ಕರೆದರು. ಅದಕ್ಕೆ ಯೆಹೋನಾದಾಬರು ವಿಶೇಷವಾಗಿ ಬರಬೇಕು, ಅವರಿಗೆ ಅಲ್ಲಿ ಸಮಾಧಾನ ಸಿಗಬಹುದು ಎಂದು ಪತ್ರಿಕೆ ಮೊದಲೇ ಬರೆದಿತ್ತು.

ಮೇ 31, ಶುಕ್ರವಾರ. ಸುಮಾರು 20,000 ಜನ. ರದರ್‌ಫರ್ಡ್ ಎತ್ತಿಕೊಂಡ ವಿಷಯ ಮಹಾಸಮೂಹ. ಸಿಂಹಾಸನದ ಮುಂದೆ ನಿಂತವರು ಸ್ವರ್ಗದಲ್ಲೇ ಇರಬೇಕೆಂದೇನಿಲ್ಲ ಎಂದು ಅವರು ವಾದಿಸಿದರು. ಮತ್ತಾಯನ ಇಪ್ಪತ್ತೈದನೇ ಅಧ್ಯಾಯದಲ್ಲಿ ಕ್ರಿಸ್ತನು ಸಿಂಹಾಸನದಲ್ಲಿ ಕೂತಾಗ ಎಲ್ಲ ಜನಾಂಗಗಳೂ ಅವನ ಮುಂದೆ ಸೇರುತ್ತವೆ. ಅವೆಲ್ಲ ಇರುವುದು ಭೂಮಿಯಲ್ಲೇ. ಹಾಗಾದರೆ ಬಿಳಿ ನಿಲುವಂಗಿಯ ಈ ಸಮೂಹವೂ ಭೂಮಿಯದೇ. ಇವರು ಯೋಹಾನನು ಬರೆದ ‘ಬೇರೆ ಕುರಿಗಳು’, ಇವರೇ ಯೆಹೋನಾದಾಬರು; ನಂಬಿಕೆಯಲ್ಲಿ ಸಡಿಲರಾದವರಲ್ಲ, ಅಭಿಷಿಕ್ತರಷ್ಟೇ ನಿಷ್ಠರು. ಹೀಗೆ ಹೇಳಿ ಭಾಷಣದ ಕೊನೆಗೆ, ಭೂಮಿಯಲ್ಲಿ ಸದಾ ಬದುಕುವ ನಿರೀಕ್ಷೆ ಇರುವವರೆಲ್ಲ ದಯಮಾಡಿ ಎದ್ದು ನಿಲ್ಲಿ ಎಂದರು.

ಸಭೆಯ ಅರ್ಧಕ್ಕೂ ಹೆಚ್ಚು ಜನ ಎದ್ದು ನಿಂತರು. ಇಗೋ ಮಹಾಸಮೂಹ ಎಂದು ರದರ್‌ಫರ್ಡ್ ಕೂಗಿದರು. ಒಂದು ಗಳಿಗೆ ಸದ್ದಿರಲಿಲ್ಲ, ಆಮೇಲೆ ಹರ್ಷದ ಕೂಗು ನಿಲ್ಲದಾಯಿತು. ಮರುದಿನ 840 ಮಂದಿ ದೀಕ್ಷಾಸ್ನಾನ ಪಡೆದರು, ಹೆಚ್ಚಿನವರು ಭೂಮಿಯ ನಿರೀಕ್ಷೆಯವರೇ.

ಸಂಖ್ಯೆ ಮೀರುತ್ತಿತ್ತು, 1,44,000ದ ಲೆಕ್ಕ ತುಂಬಿಬಿಡುತ್ತಿತ್ತು, ಅದಕ್ಕೇ ಹೊಸ ವರ್ಗವೊಂದನ್ನು ಕಂಡುಹಿಡಿದರು ಎಂದು ಟೀಕಾಕಾರರು ಹೇಳುತ್ತಾರೆ. ಲೆಕ್ಕದ ಒತ್ತಡ ಸುಳ್ಳಲ್ಲ. ಆದರೆ ಒತ್ತಡವೊಂದರಿಂದ ಹತ್ತು ಸಾವಿರ ಜನ ಒಮ್ಮೆಗೇ ಎದ್ದು ನಿಲ್ಲುವುದಿಲ್ಲ. ಎದ್ದವರಲ್ಲಿ ಅನೇಕರು ಅಲ್ಲಿಯತನಕ ತಮ್ಮನ್ನು ಸ್ವರ್ಗದವರೆಂದೇ ಎಣಿಸಿಕೊಂಡು, ವರ್ಷವರ್ಷವೂ ಸ್ಮರಣೆಯ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡಿದ್ದವರು. ಅವರು ಬಿಟ್ಟುಕೊಟ್ಟದ್ದು ರಾಜಪದವಿ. ಅದಕ್ಕೆ ಬದಲಾಗಿ ಕೇಳಿದ್ದು ಒಂದು ಮನೆ, ಒಂದು ತೋಟ, ಸತ್ತ ಮಗುವನ್ನು ಮತ್ತೆ ಎತ್ತಿಕೊಳ್ಳುವ ದಿನ. ಜಮೀನು ಕಳೆದುಕೊಂಡವನಿಗೆ ಇದಕ್ಕಿಂತ ಹತ್ತಿರದ ಮೋಕ್ಷ ಯಾವುದಿದ್ದೀತು? ಇದರಲ್ಲಿ ಅಲ್ಪತನ ಕಾಣುವವರ ಮಾತನ್ನು ನಾನು ಒಪ್ಪಲಾರೆ.

ಆ ಬದಲಾವಣೆ ಕಣ್ಣಿಗೆ ಕಾಣುವುದು ಸ್ಮರಣೆಯ ರಾತ್ರಿ. ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನ, ಹೊತ್ತು ಮುಳುಗಿದ ಮೇಲೆ, ‘ರಾಜ್ಯ ಸಭಾಗೃಹ’ ಎಂದು ಕರೆಯುವ ತಮ್ಮ ಪ್ರಾರ್ಥನಾಲಯದಲ್ಲಿ ಸಾಕ್ಷಿಗಳು ಸೇರುತ್ತಾರೆ. ಮೇಜಿನ ಮೇಲೆ ಹುಳಿಯಿಲ್ಲದ ತೆಳು ರೊಟ್ಟಿ, ಲೋಟದಲ್ಲಿ ಕೆಂಪು ದ್ರಾಕ್ಷಾರಸ. ಪ್ರಾರ್ಥನೆಯ ನಂತರ ತಟ್ಟೆ ಸಾಲಿನ ಈ ತುದಿಯಿಂದ ಆ ತುದಿಗೆ ಕೈಯಿಂದ ಕೈಗೆ ಹೋಗುತ್ತದೆ. ಪಡೆದವರು ಒಂದು ಕ್ಷಣ ಹಿಡಿದು ಪಕ್ಕದವರಿಗೆ ದಾಟಿಸುತ್ತಾರೆ. ರೊಟ್ಟಿ ಸ್ವರ್ಗಕ್ಕೆ ಕರೆಯಲ್ಪಟ್ಟವರಿಗೆ ಮಾತ್ರ; ಹೆಚ್ಚಿನ ಸಭೆಗಳಲ್ಲಿ ಯಾರೂ ಮುರಿಯುವುದಿಲ್ಲ. ಲೋಟವೂ ಹಾಗೆಯೇ ಸಭೆಯನ್ನೆಲ್ಲ ಸುತ್ತಿ, ಬಂದಷ್ಟೇ ತುಂಬಿ, ಮೇಜಿಗೆ ಮರಳುತ್ತದೆ. ಕ್ಯಾಥೊಲಿಕ್ ಪೂಜೆಯಲ್ಲೋ ಸಿ.ಎಸ್.ಐ. ದೇವಾಲಯದಲ್ಲೋ ಪ್ರಭುಭೋಜನ ಕಂಡವರಿಗೆ ಇದು ಅರ್ಥವಾಗದ ದೃಶ್ಯ. 1935ರಲ್ಲಿ ಬಂದಿದ್ದ 63,000 ಜನರಲ್ಲಿ 52,000ಕ್ಕೂ ಹೆಚ್ಚು ಮಂದಿ ರೊಟ್ಟಿ ತೆಗೆದುಕೊಂಡಿದ್ದರು. 1938ರಲ್ಲಿ 73,420 ಜನರಲ್ಲಿ ತೆಗೆದುಕೊಂಡವರು 39,225. ಬರುವವರು ಹೆಚ್ಚಿದರು, ತಿನ್ನುವವರು ಕರಗಿದರು.

ಆ ಭೂಮಿಯ ಆಸೆಗೆ ತೆತ್ತ ಬೆಲೆಯನ್ನೂ ಹೇಳಬೇಕು. 1941ರ ಆಗಸ್ಟಿನಲ್ಲಿ ಸೇಂಟ್ ಲೂಯಿಸ್‌ನಲ್ಲಿ ರದರ್‌ಫರ್ಡ್ ಸುಮಾರು 15,000 ಮಕ್ಕಳನ್ನು ಮುಂದೆ ಕೂರಿಸಿಕೊಂಡು, ಅವರಿಗೆಂದೇ ಬರೆದ ಪುಸ್ತಕವನ್ನು ಹಂಚಿದರು. ಅದರಲ್ಲಿ ಒಬ್ಬ ಯುವಕ, ಒಬ್ಬ ಯುವತಿ ಲೋಕಾಂತ್ಯದ ಯುದ್ಧವಾದ ಹರ್ಮಗೆದೋನ್ ಕಳೆಯುವ ತನಕ ಮದುವೆಯನ್ನು ಮುಂದೂಡುತ್ತಾರೆ; ಹೊಸ ಭೂಮಿಯಲ್ಲಿ ಮಕ್ಕಳನ್ನು ಹಡೆಯಲು ಬೇಕಾದಷ್ಟು ಕಾಲವಿದೆಯಲ್ಲ. ಅಂದಿನ ಎಷ್ಟೋ ತರುಣ ತರುಣಿಯರು ಆ ಮಾತನ್ನು ಹಾಗೆಯೇ ಪಾಲಿಸಿದರು. ಬರಲಿರುವ ಭೂಮಿಗಾಗಿ ಇರುವ ಭೂಮಿಯ ಬದುಕನ್ನು ತಡೆಹಿಡಿದದ್ದು ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ನೋವಿನ ಭಾಗ. ಐದು ತಿಂಗಳಲ್ಲಿ, 1942ರ ಜನವರಿ 8ರಂದು, ರದರ್‌ಫರ್ಡ್ ಬೆತ್ ಸಾರೀಮಿನಲ್ಲೇ ತೀರಿಕೊಂಡರು. 1948ರಲ್ಲಿ ಸಂಸ್ಥೆ ಆ ಮನೆಯನ್ನು ಮಾರಿತು. 1975ರ ಮೇಲೂ ಇಂಥದೇ ನಿರೀಕ್ಷೆ ಕಟ್ಟಿಕೊಂಡಿತು, ಅದೂ ಕಳೆಯಿತು.

ಭೂಮಿಗೆ ಬರುವ ರಾಜ್ಯವೊಂದರ ಪ್ರಜೆಗಳೆಂದು ತಮ್ಮನ್ನು ತಿಳಿದವರು ಈಗಿರುವ ರಾಜ್ಯಗಳ ಧ್ವಜದ ಮುಂದೆ ಹೇಗೆ ನಿಲ್ಲಬೇಕು? ಆ ಪ್ರಶ್ನೆಯೂ 1935ರ ವಾಷಿಂಗ್ಟನ್ ಸಮಾವೇಶದಲ್ಲೇ ಎದ್ದಿತ್ತು. ಅದೇ ವರ್ಷ ಸಾಕ್ಷಿಗಳ ಮಕ್ಕಳು ಧ್ವಜವಂದನೆ ನಿರಾಕರಿಸಿ ಶಾಲೆಗಳಿಂದ ಹೊರಬಿದ್ದರು. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪಿತ್ತು, 1943ರ ಬಾರ್ನೆಟ್ ಪ್ರಕರಣದಲ್ಲಿ ತನ್ನ ತೀರ್ಪನ್ನು ತಾನೇ ತಿರುಗಿಸಿತು. ಆ ವಾದ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. 1985ರಲ್ಲಿ ಕೇರಳದ ಒಂದು ಶಾಲೆ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡದಿದ್ದ ಮೂವರು ಮಕ್ಕಳನ್ನು ಹೊರಹಾಕಿತು. 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರು ಬಾರ್ನೆಟ್ ತೀರ್ಪನ್ನೂ ಪರಿಶೀಲಿಸಿ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದರು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಈ ತೀರ್ಪು, ಅವರ ನಂಬಿಕೆಗೂ ಸಂವಿಧಾನಕ್ಕೂ ಎಲ್ಲಿ ಸಂಬಂಧ ಕೂಡಿತೆಂಬುದಕ್ಕೆ ಸಾಕ್ಷಿ. 

ಈ ನಡುವೆ 1935ಕ್ಕೆ ಇನ್ನೊಂದು ಅರ್ಥವೂ ಬಂದುಬಿಟ್ಟಿತ್ತು. ಸ್ವರ್ಗದ ಕರೆ ಹೆಚ್ಚುಕಡಿಮೆ ಆ ವರ್ಷಕ್ಕೆ ಮುಗಿಯಿತು, ಆಮೇಲೆ ಬಂದವರೆಲ್ಲ ಭೂಮಿಯವರು ಎಂಬ ತಿಳಿವಳಿಕೆ ದಶಕಗಳ ಕಾಲ ನಡೆಯಿತು. ಹಾಗಾಗಿ ರೊಟ್ಟಿ ತಿನ್ನುವವರ ಸಂಖ್ಯೆ ಇಳಿಯುತ್ತ ಹೋಗುವುದೇ ಅಂತ್ಯ ಸಮೀಪಿಸಿದ ಗುರುತಾಗಿ ಕಂಡಿತು. 2005ರಲ್ಲಿ ಅದು 8,524ಕ್ಕೆ ಇಳಿಯಿತು. ಅಲ್ಲಿಂದ ಏರತೊಡಗಿತು. 2007ರ ಮೇ 1ರ ಪತ್ರಿಕೆಯಲ್ಲಿ, ಸ್ವರ್ಗದ ಕರೆ ಇಂಥದೇ ದಿನ ಮುಗಿಯಿತೆಂದು ಹೇಳಲಾಗದು ಎಂಬ ಉತ್ತರ ಬಂತು. ಎಪ್ಪತ್ತೆರಡು ವರ್ಷಗಳ ಗೆರೆ ಅಲ್ಲಿಗೆ ಅಳಿಯಿತು. 2019ರಲ್ಲಿ ಸ್ಮರಣೆಗೆ ಬಂದ ಎರಡು ಕೋಟಿಗೂ ಹೆಚ್ಚು ಜನರಲ್ಲಿ 20,526 ಮಂದಿ ರೊಟ್ಟಿ ತೆಗೆದುಕೊಂಡರು. ಸಿದ್ಧಾಂತವನ್ನು ನಿರ್ಧರಿಸುವ ಆಡಳಿತ ಮಂಡಲಿಯ ಸದಸ್ಯರೆಲ್ಲರೂ ಆ ಕೆಲವೇ ಸಾವಿರದೊಳಗಿನವರು. ಭೂಮಿಯನ್ನು ನೆಚ್ಚಿದ ಲಕ್ಷಾಂತರ ಜನರ ಪರವಾಗಿ ಅಲ್ಲಿ ಭೂಮಿಯವರು ಯಾರೂ ಕೂರುವುದಿಲ್ಲ. ಎದ್ದು ನಿಂತವರ ಮಾತಿನಿಂದಲೇ ಹುಟ್ಟಿದ ನಂಬಿಕೆಯಲ್ಲಿ ಇದೊಂದು ಕೊರತೆಯಾಗಿಯೇ ಉಳಿದಿದೆ.

ರೊಟ್ಟಿ ತೆಗೆದುಕೊಂಡವರಲ್ಲಿ ಕೆಲವರು ಹಳೆಯ ಧರ್ಮದ ಭಾವನೆಯಿಂದಲೋ ಮನಸ್ಸಿನ ತೊಳಲಾಟದಿಂದಲೋ ತಪ್ಪು ತಿಳಿದಿರಬಹುದು ಎಂದು ಸಂಸ್ಥೆ ಬರೆದಿದೆ. ಆದರೆ ಅವರಿಗೆ ಆ ಬಗ್ಗೆ ವೈಯಕ್ತಿಕ ಪ್ರಶ್ನೆ ಕೇಳಬಾರದೆಂದೂ ಸಭೆಗಳಿಗೆ ಹೇಳಿದೆ. ಹಿರಿಯರು ತೆಗೆದುಕೊಂಡವರ ಸಂಖ್ಯೆಯನ್ನು ಬರೆದು ಕಳಿಸುತ್ತಾರೆ. ಸ್ವರ್ಗಕ್ಕೋ ಭೂಮಿಗೋ ಎಂಬುದನ್ನು ಅವರವರೇ ತೀರ್ಮಾನಿಸಬೇಕು.